ಲೋಕಯ್ಯ ಮಾವನ ಟೆನಿಸ್ ಪಂಚಾಂಗ

ಹುಳಿ ಬಂದ ಗಂಜಿತಿಳಿಗೆ ಸುಣ್ಣ ಕಲಸಿದಾಗ ಒಂದು ವಾಸನೆ ಏಳುತ್ತದೆ. ಮೂಗಿನ ತುದಿಗೆ ಚುರುಕ್ಕೆಂದು ಹತ್ತಿ, ಆಮೇಲೆ ಹಸಿವೆಯನ್ನು ನೆನಪಿಸುವಂಥ ವಾಸನೆ. ಬಂಟ್ವಾಳದ ನಮ್ಮ ಮನೆಯ ಹಿತ್ತಿಲ ಬಾಗಿಲಿಗೆ, ಕ್ಲಬ್ಬಿನ ಟೆನಿಸ್ ಅಂಗಣಕ್ಕೆ ಗೆರೆ ಎಳೆಯುವ ಶೀನಪ್ಪ ಬೆಳಿಗ್ಗೆ ಬೆಳಿಗ್ಗೆಯೇ ಬಕೆಟ್ ಹಿಡಿದು ಬರುತ್ತಿದ್ದ. ಅಮ್ಮ ನಿನ್ನೆಯ ಗಂಜಿತಿಳಿ ಹೊಯ್ದುಕೊಟ್ಟರೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅದಕ್ಕೆ ಸುಣ್ಣ ಬೆರೆಸಿ, ತೆಂಗಿನ ನಾರಿನ ಕುಂಚದಿಂದ ಕಲಸುತ್ತಿದ್ದ. ಬರಿಯ ಸುಣ್ಣ ಹುಲ್ಲಿನ ಮೇಲೆ ನಿಲ್ಲುವುದಿಲ್ಲ, ಇಬ್ಬನಿಗೆ ತೊಳೆದುಹೋಗುತ್ತದೆ. ಗಂಜಿತಿಳಿ ಸೇರಿದರೆ ಅಂಟಿಕೊಳ್ಳುತ್ತದೆ. ಆ ಬಕೆಟ್ಟಿನ ಹಿಂದೆ ಹಿಂದೆಯೇ ಹೋಗಿ ನಾನು ಟೆನಿಸ್ ಕಲಿತೆ.

ನಮ್ಮ ಕಡೆಯ ಕೆಂಪು ಮುರಕಲ್ಲಿನ ನೆಲದಲ್ಲಿ ಟೆನಿಸ್ಸಿಗೆ ಬೇಕಾದ ಹುಲ್ಲು ಬೆಳೆಯುವುದು ಸುಲಭವಲ್ಲ. ಆದರೆ ನೇತ್ರಾವತಿ ಪ್ರತಿ ಮಳೆಗಾಲವೂ ಉಕ್ಕಿ ಬಂದು, ಹೊಳೆಬದಿಯ ಕ್ಲಬ್ಬಿನ ಬಯಲನ್ನು ಮುಳುಗಿಸಿ, ಹೋಗುವಾಗ ಮೆತ್ತಗಿನ ಮೆಕ್ಕಲು ಬಿಟ್ಟು ಹೋಗುತ್ತಿದ್ದಳು. ನವರಾತ್ರಿ ಕಳೆಯುವಾಗ ಅಲ್ಲಿ ಗರಿಕೆ ಎಂಥ ಗರಿಕೆ! ಹಿಂದೆ ಯಾರೋ ಮುನ್ಸೀಫರು ಅದನ್ನು ಕಂಡು ನೆಟ್ ಕಟ್ಟಿಸಿದರಂತೆ. ನನ್ನ ಕಾಲಕ್ಕೆ ಅಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಆಡುತ್ತಿದ್ದರು. ಗಂಡಸರಿಗೆ ಒಳಗೆ ಇಸ್ಪೀಟು ಇತ್ತಲ್ಲ.

ಹೆಂಗಸರಿಗೊಂದು ಪಂದ್ಯಾಟ ಮಾಡಬೇಕೆಂದು ಹೊರಟವರು ಕ್ಲಬ್ಬಿನ ನೀಲಾವತಿ ಅಮ್ಮ. ವಕೀಲರ ಹೆಂಡತಿ, ದೊಡ್ಡ ಕನ್ನಡಕ, ಅದಕ್ಕಿಂತ ದೊಡ್ಡ ಸ್ವರ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಮೂರು ಊರುಗಳಿಂದ ಆಟಗಾರ್ತಿಯರನ್ನು ಒಟ್ಟು ಮಾಡಿದರು. ಅರುವತ್ತೊಂದನೆಯ ಇಸವಿಯ ಜನವರಿ. ನಾನು ಹಿಂದಿನ ವರ್ಷ ಮಂಗಳೂರಿನಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಮದ್ರಾಸಿನಲ್ಲಿ ವ್ಯಾಯಾಮ ಶಿಕ್ಷಣದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಕಲಿತು ಬಂದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರ್ ಆಗಬಹುದು. ನನಗೆ ಬೇಕಾದದ್ದು ಅದೊಂದೇ. ಆದರೆ ನಮ್ಮದು ಅಳಿಯಸಂತಾನದ ಮನೆ. ಹೋಗು ಎನ್ನಬೇಕಾದವರು ಅಪ್ಪನಲ್ಲ, ಯಜಮಾನರಾದ ಲೋಕಯ್ಯ ಮಾವ, ಅಮ್ಮನ ಅಣ್ಣ.

ಲೋಕಯ್ಯ ಮಾವನಿಗೆ ಇಡೀ ತಾಲೂಕಿನಲ್ಲಿ ಹೆಸರಿದ್ದದ್ದು ಕೋಳಿ ಅಂಕಕ್ಕೆ, ಹುಂಜಗಳನ್ನು ಕಾದಾಡಿಸುವ ಪಂದ್ಯಕ್ಕೆ. ಕೋಳಿಗಳಿಗೆ ಒಂದು ಪಂಚಾಂಗ ಉಂಟು, ಕುಕ್ಕುಟ ಪಂಚಾಂಗ. ಯಾವ ನಕ್ಷತ್ರದ ದಿವಸ, ಹಗಲಿನ ಯಾವ ಜಾವದಲ್ಲಿ, ಯಾವ ಬಣ್ಣದ ಹುಂಜ ಯಾವ ಬಣ್ಣದ್ದನ್ನು ಗೆಲ್ಲುತ್ತದೆ ಎಂದು ಅದರಲ್ಲಿ ಹೇಳಿದೆ. ಬಿಳಿಯದು ಬೊಳ್ಳೆ, ಕಪ್ಪಿನದು ಕಕ್ಕೆ, ಕೆಂಪಿನದು ಕೆಮ್ಮೈರೆ. ಮಾವನಿಗೆ ಅದು ಪೂರ್ತಿ ಬಾಯಿಪಾಠ. ಹೆಣ್ಣು ನೋಡಲು ಹೋಗುವವರೂ ಮಾವನನ್ನು ಕೇಳಿ ಹೋಗುತ್ತಿದ್ದರು ಎಂದರೆ ನೋಡಿ.

"ಮದ್ರಾಸಿಗೆ ಹೋಗಿ ಎಂತ ಕಲಿಯುವುದು? ಓಡುವುದು, ಹಾರುವುದು!" ಎಂದರು ಮಾವ. "ಅದನ್ನು ಕಲಿಸ್ಲಿಕ್ಕೆ ನಮ್ಮ ದನದ ಕರು ಸಾಕು ಮಾರಾಯ್ತಿ."

"ಟೆನಿಸ್ ಕೂಡ ಕಲಿಸ್ತಾರೆ ಮಾವ."

"ನಿನಗೆ ಬರ್ತದೆ ಅಂತಾಯ್ತಲ್ಲ, ಪುನಃ ಯಾಕೆ?"

"ಕಲಿಸುವುದನ್ನು ಕಲೀಬೇಕಲ್ಲ."

ಮಾವ ವೀಳ್ಯದೆಲೆಯ ತೊಟ್ಟು ಚಿವುಟುತ್ತ, ಅಂಗಳದಲ್ಲಿದ್ದ ನೆರೆಯವರೆಲ್ಲ ಕೇಳುವ ಹಾಗೆ ಹೇಳಿದರು. "ಸರಿ ಕಾಂತಿ. ನೀಲಾವತಿಯ ಪಂದ್ಯಾಟ ಉಂಟಲ್ಲ, ಅದನ್ನು ಗೆಲ್ಲು. ಗೆದ್ದರೆ ಮದ್ರಾಸಿಗೆ ಹೋಗು. ನಮ್ಮೂರ ಹುಲ್ಲಿನಲ್ಲೇ ಸೋಲುವವಳು ಬೇರೆಯವರಿಗೆ ಎಂತ ಕಲಿಸುವುದು? ಸೋತರೆ ಆ ಮಾತು ಮತ್ತೆ ಎತ್ತಬಾರದು."

ಮಾತು ನ್ಯಾಯದ್ದೇ ಎಂದು ನನಗೂ ಅನಿಸಿತು. ಮೂಡುಬಿದಿರೆಯ ಶಶಿಪ್ರಭಾ ಟೀಚರ್ ಆಡುವುದನ್ನು ನಾನು ಆಗ ನೋಡಿರಲಿಲ್ಲ.

ಪಂದ್ಯಾಟದ ಮೊದಲ ದಿನ ಮಾವ ಬಂದು ಅಂಗಣದ ಬದಿಯ ಅರಳಿಕಟ್ಟೆಯ ಮೇಲೆ ಕುಳಿತರು. ಸುಮ್ಮನೆ ನೋಡಿ ಹೋಗಲು ಬಂದವರು. ಆದರೆ ಜನ ಬಿಡಬೇಕಲ್ಲ. "ಶೆಟ್ರೇ, ಯಾರು ಗೆಲ್ತಾರೆ?" ಎಂದು ಯಾರೋ ಕೇಳಿದರು. ಮಾವ ಅಂಗಣವನ್ನು ನೋಡಿದರು. ನಾವೆಲ್ಲ ಬಿಳಿ ಸೀರೆ ಎತ್ತಿ ಕಟ್ಟಿ, ಬಿಳಿ ರವಕೆ, ಬಿಳಿ ಕ್ಯಾನ್ವಾಸ್ ಶೂ ಹಾಕಿ ನಿಂತಿದ್ದೆವು.

"ಇದೆಂತದು? ಎಲ್ಲ ಬೊಳ್ಳೆಗಳೇ!" ಎಂದರು ಮಾವ ಬೇಸರದಿಂದ. "ಬೊಳ್ಳೆಗೂ ಬೊಳ್ಳೆಗೂ ಕಟ್ಟಿದರೆ ಪಂಚಾಂಗ ಎಂತ ಹೇಳ್ತದೆ?"

ಅಷ್ಟರಲ್ಲಿ ಅವರ ಕಣ್ಣು ಜಡೆಗಳ ಮೇಲೆ ಬಿತ್ತು. ಒಬ್ಬಳದ್ದು ಕೆಂಪು ರಿಬ್ಬನ್, ಒಬ್ಬಳದ್ದು ಹಳದಿ, ಒಬ್ಬಳದ್ದು ಕಪ್ಪು. ಮಾವ ನೆಟ್ಟಗೆ ಕುಳಿತರು. "ಬಾಲ ನೋಡಿ ಹೇಳುವ," ಎಂದರು.

ಅಂದಿನ ದಿನ ಕೆಮ್ಮೈರೆಯದ್ದು. ಕೆಂಪು ರಿಬ್ಬನ್ನಿನವರು ಗೆಲ್ಲುತ್ತಾರೆ ಎಂದು ಮಾವ ಹೇಳಿದರು. ಹೆಚ್ಚಿನ ಆಟಗಳಲ್ಲಿ ಹಾಗೆಯೇ ಆಯಿತು. ನನ್ನದೂ ಕೆಂಪೇ. ಶಶಿಪ್ರಭಾ ಟೀಚರ್ ಮಾತ್ರ ರಿಬ್ಬನ್ ಕಟ್ಟುವವರಲ್ಲ, ಬರಿಯ ಗಂಟು. ಅವರ ಆಟಕ್ಕೆ ಮಾವ, "ಬಾಲ ಇಲ್ಲದ್ದಕ್ಕೆ ನಾನು ಹೇಳುವುದಿಲ್ಲ," ಎಂದು ತಪ್ಪಿಸಿಕೊಂಡರು.

ಟೀಚರ್ ಗೆದ್ದು ಬಂದು, ಬೆವರು ಒರೆಸಿಕೊಳ್ಳುತ್ತ ನೇರ ಅರಳಿಕಟ್ಟೆಗೇ ಹೋದರು. ಮೂವತ್ತು ದಾಟಿದ ಹೆಂಗಸು, ತೆಳ್ಳಗೆ ಉದ್ದ, ಮೂಡುಬಿದಿರೆಯ ಬಸದಿ ಬೀದಿಯ ಜೈನರ ಮನೆಯವರು. ಪಾಠದ ಪುಸ್ತಕದಂಥ ಕನ್ನಡ. ಆದರೆ ಕಣ್ಣಿನಲ್ಲಿ ಒಂದು ತುಂಟತನ ಇತ್ತು.

"ನೀವು ನಮ್ಮನ್ನು ಕೋಳಿಗಳ ಹಾಗೆ ಲೆಕ್ಕ ಹಾಕ್ತೀರಂತೆ, ಹೌದಾ?"

ಮಾವ ಸ್ವಲ್ಪ ನಾಚಿದರು. "ಕ್ರಮ ಒಂದೇ ಅಲ್ವಾ ಟೀಚರ್ರೇ. ಎದುರು ಬದುರು ಇಬ್ಬರು, ನಡುವೆ ಗೆರೆ."

"ಒಂದು ಕೇಳ್ತೇನೆ. ಸೋತ ಕೋಳಿ ಏನಾಗ್ತದೆ?"

"ಅದು ಗೆದ್ದವರದ್ದು. ಸೋತವನು ತನ್ನ ಕೋಳಿಯನ್ನು ತಾನೇ ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಬಾಯಿ ಬಿಡದೆ ಕೊಡ್ಬೇಕು. ತಹಶೀಲ್ದಾರನದ್ದಾದರೂ ಅಷ್ಟೇ. ಕೊಡದವನಿಗೆ ಮತ್ತೆ ಅಂಕದ ಕಳದಲ್ಲಿ ಜಾಗ ಇಲ್ಲ."

"ಎಷ್ಟು ಪ್ರೀತಿಯದ್ದಾದರೂ?"

"ಪ್ರೀತಿಯದ್ದನ್ನೇ ಅಲ್ವಾ ಅಂಕಕ್ಕೆ ಕಟ್ಟುವುದು," ಎಂದರು ಮಾವ.

ಟೀಚರ್ ತಲೆಯಾಡಿಸಿ, "ಒಳ್ಳೆಯ ಕ್ರಮ," ಎಂದು ಹೇಳಿ ಬಸ್ಸಿಗೆ ಹೋದರು. ಮಾಂಸದ ವಾಸನೆಯಾದರೆ ಬೀದಿ ಬದಲಿಸುವ ಮನೆತನದವರು ಇದನ್ನೆಲ್ಲ ಯಾಕೆ ಕೇಳಿದರೋ ಎಂದು ಮಾವ ಮನೆಗೆ ಬಂದು ಅಮ್ಮನಲ್ಲಿ ಆಶ್ಚರ್ಯಪಟ್ಟರು.

ಮರುದಿನ ಒಂದು ಮೋಜು ನಡೆಯಿತು. ಬಳೆ, ರಿಬ್ಬನ್ ಮಾರುತ್ತ ಮನೆಮನೆಗೆ ಬರುವ ನಬೀಸಾ ತನ್ನ ಬುಟ್ಟಿಯಲ್ಲಿದ್ದ ಕೆಂಪು ರಿಬ್ಬನ್ನನ್ನೆಲ್ಲ ಹಿಂದಿನ ಸಂಜೆಯೇ ಮಾರಿ ಮುಗಿಸಿದ್ದಳು. ಸೆಮಿಫೈನಲಿಗೆ ಬಂದವರಲ್ಲಿ ಟೀಚರ್ ಒಬ್ಬರನ್ನು ಬಿಟ್ಟು ಎಲ್ಲರ ಜಡೆಯಲ್ಲಿ ಕೆಂಪೇ ಕೆಂಪು. ಆಡದೆ ನೋಡಲು ಬಂದವರ ಜಡೆಯಲ್ಲೂ ಕೆಂಪು. ನೀಲಾವತಿ ಅಮ್ಮ ಕೂಡ ಬಿಳಿ ಕೂದಲಿಗೆ ಕೆಂಪು ಕಟ್ಟಿಕೊಂಡು ಅಂಪೈರ್ ಕುರ್ಚಿ ಹತ್ತಿದರು. ಅಂಪೈರ್ ಕುರ್ಚಿ ಎಂದರೆ ಕಾಳುಮೆಣಸು ಕೊಯ್ಯುವ ಏಣಿಗೆ ಕಟ್ಟಿದ ಒಂದು ಹಲಗೆ.

"ಶೆಟ್ರೇ, ನಾಳೆಯ ಬಣ್ಣ ಈಗಲೇ ಹೇಳಿಬಿಡಿ," ಎಂದು ನಬೀಸಾ ಕಟ್ಟೆಯ ಬುಡದಿಂದ ಕೂಗಿದಳು. "ಮಂಗಳೂರಿಂದ ಮಾಲು ತರಿಸ್ಬೇಕು ನಂಗೆ!"

"ಹೋಗು ಅತ್ಲಾಗಿ! ನನ್ನ ಪಂಚಾಂಗ ಹಾಳು ಮಾಡಿದ್ದೇ ನೀನು."

"ನಾನಾ? ನಿಮ್ಮ ಪಂಚಾಂಗದಿಂದ ನಮ್ಮ ಒಲೆ ಹೊತ್ತಿತು ನಿನ್ನೆ. ಮೇಲಿನವನು ನಿಮ್ಮನ್ನು ಚೆನ್ನಾಗಿ ಇಡ್ಲಿ."

ಎಲ್ಲರೂ ನಕ್ಕರು. ಮಾವ, "ಇವತ್ತು ಪಂಚಾಂಗಕ್ಕೆ ರಜೆ," ಎಂದು ಹೆಗಲಿನ ಬೈರಾಸು ಬಟ್ಟೆಯನ್ನು ಮುಖಕ್ಕೆ ಹಾಕಿ ಮಲಗಿದರು. ಆದರೆ ನನ್ನ ಆಟದ ಹೊತ್ತಿಗೆ ಬೈರಾಸಿನ ಒಂದು ತುದಿ ಎತ್ತಿಯೇ ಇತ್ತು.

ನನ್ನ ಎದುರಾಳಿ ಬೆಳ್ತಂಗಡಿಯ ಲೋಲಾಕ್ಷಿ, ಡಾಕ್ಟರರ ಹೆಂಡತಿ. ಕಷ್ಟದಲ್ಲಿ ಗೆದ್ದೆ, ಕೊನೆಯ ಹೊಡೆತಕ್ಕೆ ನನ್ನ ರ‍್ಯಾಕೆಟ್ಟಿನ ತಂತಿ ಹರಿಯಿತು. ಅದನ್ನು ಸರಿ ಮಾಡುವವರು ಮಂಗಳೂರಿನಲ್ಲೇ ಇರುವುದು. ನಾನು ಹರಿದ ತಂತಿಯನ್ನೇ ನೋಡುತ್ತ ನಿಂತಿದ್ದಾಗ ಲೋಲಾಕ್ಷಿ ನೆಟ್ಟಿನ ಮೇಲಿಂದ ತನ್ನ ರ‍್ಯಾಕೆಟ್ ಚಾಚಿದಳು. "ತಕ್ಕೋ. ನಾಳೆ ನನಗೆ ಕೆಲಸ ಇಲ್ಲವಲ್ಲ," ಎಂದಳು. ಸೋತ ಬೇಸರ ಮುಖದಲ್ಲಿ ಇನ್ನೂ ಆರಿರಲಿಲ್ಲ. ಆದರೂ ಗುರುವಾಯನಕೆರೆಯ ಕಡೆಯ ಬಸ್ಸು ಹತ್ತುವ ಮೊದಲು ಹಿಂದೆ ಬಂದು, ಹಿಡಿಗೆ ಸುತ್ತಿದ ಬಟ್ಟೆ ಬಿಚ್ಚಿ ನನ್ನ ಕೈಯ ಅಳತೆಗೆ ಪುನಃ ಸುತ್ತಿಕೊಟ್ಟು ಹೋದಳು.

ಫೈನಲಿನ ದಿನ ಮಾವ ಬಣ್ಣದ ಗುಟ್ಟು ಬಿಡಲಿಲ್ಲ. ಬೆಳಿಗ್ಗೆ ದೋಸೆ ತಿನ್ನುವಾಗ ಅಮ್ಮ ಕೇಳಿದರೂ, "ಆಟ ಸುರುವಾಗುವಾಗ ಹೇಳ್ತೇನೆ," ಎಂದು ಎದ್ದು ಹೋದರು. ಮಧ್ಯಾಹ್ನ ನಾನು ಜಡೆ ಹೆಣೆದು ಮೊಳೆಯ ಮೇಲಿನ ಕೆಂಪು ರಿಬ್ಬನ್ನಿಗೆ ಕೈ ಹಾಕಿದರೆ ಅದು ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಹೊಸ ಕಪ್ಪು ರಿಬ್ಬನ್ ತೂಗುತ್ತಿತ್ತು. ಅಮ್ಮನಿಗೆ ಗೊತ್ತಿಲ್ಲ. ಹೊರಗೆ ಮಾವ ತಮ್ಮ ಹುಂಜಕ್ಕೆ ಭತ್ತ ಹಾಕುತ್ತ ನನಗೆ ಬೆನ್ನು ಮಾಡಿ ನಿಂತಿದ್ದರು, ಸುಮ್ಮನೆ ನಿಲ್ಲುವುದಕ್ಕಿಂತ ಸ್ವಲ್ಪ ಹೆಚ್ಚೇ ನೆಟ್ಟಗೆ. ನಾನು ಏನೂ ಕೇಳದೆ ಕಪ್ಪು ಕಟ್ಟಿಕೊಂಡೆ. ಸೋತರೆ ಕಳಿಸುವುದಿಲ್ಲ ಎಂದವರೇ ಗೆಲ್ಲಲು ದಾರಿ ಹುಡುಕಿದ್ದರು.

ಫೈನಲ್ ಎಂದು ಶೀನಪ್ಪ ಮಧ್ಯಾಹ್ನ ಪುನಃ ಒಮ್ಮೆ ಗೆರೆ ಎಳೆದಿದ್ದ. ಅಂಗಣಕ್ಕೆ ಕಾಲಿಟ್ಟ ಕೂಡಲೇ ಅದೇ ಹುಳಿ ವಾಸನೆ. ಶಶಿಪ್ರಭಾ ಟೀಚರ್ ಎಂದಿನ ಹಾಗೆ ರಿಬ್ಬನ್ ಇಲ್ಲದೆ ಬಂದಿದ್ದರು. ತಲೆಯ ಗಂಟಿಗೆ ಒಂದೇ ಒಂದು ಬಿಳಿ ನಂದಿಬಟ್ಟಲು ಹೂವು.

"ಬೊಳ್ಳೆ ಮತ್ತು ಕಕ್ಕೆ," ಎಂದು ಮಾವ ಎದ್ದು ನಿಂತು ಘೋಷಿಸಿದರು. "ಬಿಸಿಲು ಈ ಕಟ್ಟೆ ಬಿಟ್ಟು ಇಳಿಯುವವರೆಗೆ ಕಕ್ಕೆಯ ಜಾವ. ಇಳಿದ ಮೇಲೆ ಬೊಳ್ಳೆಯದ್ದು. ಆಟ ಅಷ್ಟು ಹೊತ್ತು ಹೋಗ್ಲಿಕ್ಕಿಲ್ಲ. ಕಕ್ಕೆ ಗೆಲ್ತದೆ."

"ಸೊಸೆಯ ಪಕ್ಷ, ಸೊಸೆಯ ಪಕ್ಷ!" ಎಂದು ಹಿಂದಿನಿಂದ ಕೂಗು ಬಂತು.

"ಪಂಚಾಂಗಕ್ಕೆ ಸೊಸೆಯೂ ಇಲ್ಲ, ಮಾವನೂ ಇಲ್ಲ," ಎಂದು ಮಾವ ಕುಳಿತರು.

ಮೊದಲ ಸೆಟ್ ನಾನು ಗೆದ್ದೆ, ಎರಡನೆಯದು ಅವರು. ಹುಲ್ಲಿನಲ್ಲಿ ಚೆಂಡು ಹಾರುವುದು ಕಡಿಮೆ, ಜಾರುವುದು ಹೆಚ್ಚು. ಟೀಚರ್ ಜೋರಾಗಿ ಹೊಡೆಯುತ್ತಲೇ ಇರಲಿಲ್ಲ. ಮಕ್ಕಳ ಕೈಗೆ ಸ್ಲೇಟು ಕೊಡುವ ಹಾಗೆ ಮೆತ್ತಗೆ ನನಗೆ ತಲುಪದ ಜಾಗದಲ್ಲಿ ಇಟ್ಟು ಬಿಡುತ್ತಿದ್ದರು. ಮೂರನೆಯ ಸೆಟ್ಟಿನಲ್ಲಿ ಅವರು ಮುಂದೆ ಹೋದರು. ಇನ್ನೊಂದು ಪಾಯಿಂಟ್ ಗೆದ್ದರೆ ಪಂದ್ಯ ಅವರದ್ದು. ನಾನು ಓರೆಯಾಗಿ ಬೀಸಿದೆ. ಚೆಂಡು ದೂರದ ಮೂಲೆಗೆ ಹೋಗಿ ಬಿತ್ತು.

"ಔಟ್!" ಎಂದರು ಏಣಿಯ ಮೇಲಿನಿಂದ ನೀಲಾವತಿ ಅಮ್ಮ.

ಚಪ್ಪಾಳೆ ಬಿತ್ತು. ಮುಗಿಯಿತು. ಕಟ್ಟೆಯ ಮೇಲೆ ಇನ್ನೂ ಬಿಸಿಲಿತ್ತು. ಮಾವ ಆ ಬಿಸಿಲನ್ನೇ ನೋಡುತ್ತಿದ್ದರು, ಅದು ತಮಗೆ ಸುಳ್ಳು ಹೇಳಿದ ಹಾಗೆ. ನನ್ನ ಕಣ್ಣೆದುರು ಮದ್ರಾಸಿನ ರೈಲು ಹೊರಟುಹೋಯಿತು.

ಆದರೆ ಟೀಚರ್ ಕೈ ಕುಲುಕಲು ನೆಟ್ಟಿನ ಹತ್ತಿರ ಬರಲಿಲ್ಲ. ಮೂಲೆಗೆ ಹೋಗಿ ಚೆಂಡು ಎತ್ತಿಕೊಂಡರು. ತಿರುಗಿಸಿ ನೋಡಿದರು. ಆಗಿನ ಚೆಂಡೂ ಬಿಳಿ, ಸುಣ್ಣವೂ ಬಿಳಿ; ಕಣ್ಣಿಗೆ ಏನೂ ಗೊತ್ತಾಗುವಂತಿರಲಿಲ್ಲ. ಅವರು ಚೆಂಡನ್ನು ಮೂಗಿಗೆ ಹಿಡಿದರು.

"ನೀಲಾವತಿ ಅಮ್ಮ, ಇದು ಔಟ್ ಅಲ್ಲ. ಗೆರೆಗೆ ತಾಗಿದೆ."

"ನಾನು ಕಣ್ಣಾರೆ ನೋಡಿದ್ದೇನೆ ಮಾರಾಯ್ತಿ!"

"ನಾನು ಮೂಗಾರೆ ನೋಡಿದೆ. ಗಂಜಿ ವಾಸನೆ ಬರ್ತದೆ." ಟೀಚರ್ ಏಣಿಯ ಹತ್ತಿರ ಹೋಗಿ ಚೆಂಡನ್ನು ಮೇಲಕ್ಕೆ ಚಾಚಿದರು.

ನೀಲಾವತಿ ಅಮ್ಮ ಮೂಸಿದರು. ಕೆಳಗೆ ಶೀನಪ್ಪನ ಕೈಗೆ ಬಂತು, ಅವನೂ ಮೂಸಿ, "ನಮ್ಮದೇ," ಎಂದ. ಪಾಯಿಂಟ್ ನನಗೆ ಬಂತು. ಯಾರೂ ಕೇಳದಿದ್ದಾಗ, ಗೆದ್ದ ಆಟವನ್ನು ತಾವಾಗಿಯೇ ಎದುರಾಳಿಗೆ ಹಿಂದೆ ಕೊಟ್ಟು, ಟೀಚರ್ ತಮ್ಮ ಜಾಗಕ್ಕೆ ಹೋಗಿ ಮೊಣಕಾಲು ಬಗ್ಗಿಸಿ ನಿಂತರು.

ಅಲ್ಲಿಂದ ಆಟ ಎಳೆಯಿತು. ಡ್ಯೂಸ್, ಪುನಃ ಡ್ಯೂಸ್. ನಾನು ಆ ಗೇಮ್ ಗೆದ್ದೆ, ಮತ್ತೊಂದು ಗೆದ್ದೆ. ಅವರು ಒಂದು, ನಾನು ಒಂದು. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಆಮೇಲೆ ಎಂದೂ ಆಡಲಿಲ್ಲ. ನಡುವೆ ಯಾವಾಗಲೋ ಬಿಸಿಲು ಕಟ್ಟೆಯಿಂದ ಇಳಿದು ಮಾವನ ಕಾಲಬುಡಕ್ಕೆ ಬಂತು, ಅಲ್ಲಿಂದ ಹುಲ್ಲಿಗೆ. ಕೊನೆಗೆ ಟೀಚರ್ ಇಟ್ಟ ಒಂದು ಚೆಂಡು ನೆಟ್ಟಿನ ಪಕ್ಕದಲ್ಲೇ ಸತ್ತ ಹಾಗೆ ಬಿತ್ತು. ನಾನು ಓಡಿದೆ, ಜಾರಿ ಬಿದ್ದೆ, ಮೂಗಿಗೆ ಗರಿಕೆ ತಾಗಿತು. ಈ ಸಲ ಮೂಸಿ ನೋಡುವ ಅಗತ್ಯ ಇರಲಿಲ್ಲ. ನಾನು ಸೋತಿದ್ದೆ.

ಬಿಸಿಲು ಇಳಿದ ಮೇಲೆ ಬೊಳ್ಳೆ. ಮಾವನ ಪಂಚಾಂಗ ಒಂದು ಅಕ್ಷರವೂ ತಪ್ಪಿರಲಿಲ್ಲ! "ಟೀಚರ್ ಆ ಔಟನ್ನು ಹಾಗೇ ಇಟ್ಟುಕೊಂಡಿದ್ದರೆ ನನ್ನ ಪಂಚಾಂಗ ಸುಳ್ಳಾಗ್ತಿತ್ತು. ಅವರ ಸತ್ಯ ಅದನ್ನು ಉಳಿಸಿತು," ಎಂದು ಮುಂದೆ ಎಷ್ಟೋ ವರ್ಷ ಅವರು ಹೇಳುತ್ತಿದ್ದರು. ಆದರೆ ಆ ಸಂಜೆ ಅವರಿಗೆ ಅದರ ಸಂತೋಷ ಇದ್ದ ಹಾಗೆ ಕಾಣಲಿಲ್ಲ. ಕಟ್ಟೆಯಿಂದ ಇಳಿದು ಬಂದು ನನ್ನ ಸೀರೆಗೆ ಹತ್ತಿದ ಹುಲ್ಲನ್ನು ತಟ್ಟಿದರು.

"ಚೆಂದ ಆಡಿದೆ ಮಗಾ," ಎಂದರು. ಆಮೇಲೆ, ಎಲ್ಲರೂ ಸುತ್ತ ನಿಂತಿದ್ದರಲ್ಲ, ಗಂಟಲು ಸರಿ ಮಾಡಿಕೊಂಡು, "ಆದರೆ ಮಾತು ಮಾತೇ," ಎಂದರು.

ನಾನು ತಲೆಯಾಡಿಸಿದೆ.

"ಒಂದು ನಿಮಿಷ ಶೆಟ್ರೇ," ಎಂದರು ಶಶಿಪ್ರಭಾ ಟೀಚರ್. ಬಹುಮಾನದ ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. "ಸೋತ ಕೋಳಿ ಯಾರದ್ದು ಅಂತ ಹೇಳಿದ್ರಿ ನೀವು?"

ಮಾವ ಅವರ ಮುಖ ನೋಡಿದರು. "ಗೆದ್ದವರದ್ದು."

"ಹಾಗಾದ್ರೆ ಈ ಕಾಂತಿ ನನ್ನವಳು."

ಜನ ಗೊಳ್ಳೆಂದರು. ಮಾವ ಕಕ್ಕಾಬಿಕ್ಕಿಯಾದರು. "ಅದು... ಅದು ಕೋಳಿಗೆ ಹೇಳಿದ್ದಲ್ವಾ ಟೀಚರ್ರೇ!"

"ಮೊದಲ ದಿವಸ ನಮ್ಮ ಬಾಲ ನೋಡಿದ್ದು ಯಾರು? ಇವತ್ತು ಬೊಳ್ಳೆ, ಕಕ್ಕೆ ಅಂತ ಎದ್ದು ನಿಂತು ಕೂಗಿದ್ದು ಯಾರು?"

"ಹೌದೌದು, ಶೆಟ್ರೇ!" ಎಂದು ನಬೀಸಾ ಹಿಂದಿನಿಂದ. "ಗೆಲ್ಲುವಾಗ ಮಾತ್ರ ಕೋಳಿಯಾ?"

ಮಾವ ಕೊನೆಯ ಅಸ್ತ್ರ ತೆಗೆದರು. "ನಿಮಗೆ ಕೋಳಿ ಆಗ್ಲಿಕ್ಕಿಲ್ಲ. ತಕ್ಕೊಂಡು ಹೋಗಿ ಎಂತ ಮಾಡ್ತೀರಿ?"

"ನಮ್ಮಲ್ಲಿ ಕೈಗೆ ಬಂದ ಹಕ್ಕಿಯನ್ನು ಕೊಲ್ಲುವ ಕ್ರಮ ಇಲ್ಲ," ಎಂದರು ಟೀಚರ್, ತರಗತಿಯಲ್ಲಿ ಹೇಳುವಷ್ಟೇ ಶಾಂತವಾಗಿ. "ಹಾರಲಿಕ್ಕೆ ಬಿಡುವ ಕ್ರಮ. ನಾನು ಇವಳನ್ನು ಮದ್ರಾಸಿನ ಕಡೆಗೆ ಬಿಡ್ತೇನೆ."

ಮಾವ ಬೈರಾಸು ಕೊಡವಿ ಹೆಗಲಿಗೆ ಹಾಕಿಕೊಂಡು ಜನರ ನಡುವಿನಿಂದ ಪೇಟೆಯ ಕಡೆಗೆ ನಡೆದುಬಿಟ್ಟರು. ಸಿಟ್ಟೋ, ಒಪ್ಪಿಗೆಯೋ ಯಾರಿಗೂ ತಿಳಿಯಲಿಲ್ಲ.

ಜನ ಕರಗಿದರು. ನಾನೂ ಟೀಚರೂ ಬಸ್ ನಿಲ್ಲುವ ಮಾವಿನ ಮರದ ಕೆಳಗೆ ಕಲ್ಲಿನ ಮೇಲೆ ಕುಳಿತೆವು. ಅವರು ಒಂದು ಚೆಂಬು ನೀರು ಕುಡಿದು, ಹೊಳೆಯ ಆಚೆಗೆ ಇಳಿಯುತ್ತಿದ್ದ ಸೂರ್ಯನನ್ನು ಒಮ್ಮೆ ನೋಡಿ, ಚೆಂಬನ್ನು ಕೆಳಗಿಟ್ಟರು. ಆಗ ನನಗೆ ಹೊಳೆಯಿತು: ಇವರು ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಬಸ್ಸು ಮೂಡುಬಿದಿರೆ ಮುಟ್ಟುವಾಗ ಕತ್ತಲಾಗಿರುತ್ತದೆ. ಆಟ ಆ ಔಟಿನಲ್ಲೇ ಮುಗಿದಿದ್ದರೆ ಮೊದಲಿನ ಬಸ್ಸಿನಲ್ಲಿ ಮನೆಗೆ ಹೋಗಿ ಉಣ್ಣಬಹುದಿತ್ತು.

"ಟೀಚರ್, ನಿಮ್ಮ ಊಟ..."

"ಒಂದು ರಾತ್ರಿ ಅಲ್ವಾ. ಅಭ್ಯಾಸ ಉಂಟು," ಎಂದು ನಕ್ಕರು.

ನಮ್ಮ ಮನೆಗೆ ಕರೆಯುವ ಹಾಗಿಲ್ಲ. ಅಲ್ಲಿ ಆ ದಿನ ಬಂಗುಡೆ ಮೀನಿನ ಸಾರು. ಏನು ಮಾಡಲಿ ಎಂದು ನಾನು ಎದ್ದು ನಿಂತಾಗ ಪೇಟೆಯ ಕಡೆಯಿಂದ ಮಾವ ಬರುವುದು ಕಂಡಿತು. ಓಡುವುದಕ್ಕೆ ನಾಚಿಕೆಯಾಗಿ, ನಡೆಯುವುದಕ್ಕೆ ಪುರುಸೊತ್ತಿಲ್ಲದೆ ನಡೆಯುವವರ ನಡಿಗೆ. ಹಣೆಯಲ್ಲಿ ಬೆವರು. ಕೈಯಲ್ಲಿ ಬಾಳೆ ಎಲೆಯಲ್ಲಿ ಕಟ್ಟಿದ, ಇನ್ನೂ ಹಬೆಯಾಡುವ ದೊಡ್ಡ ಕಟ್ಟು. ಹಿಂದೆಯೇ ಏದುಸಿರು ಬಿಡುತ್ತ ಬಂದ ಶೀನಪ್ಪ ನನ್ನ ಕಿವಿಯಲ್ಲಿ ಹೇಳಿದ: "ಭಟ್ಟರ ಹೋಟೆಲಿನಲ್ಲಿ ಎದುರು ನಿಂತೇ ಮಾಡಿಸಿದ್ದು. ನೀರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಗೆಡ್ಡೆ ಒಂದೂ ಇಲ್ಲ."

ಮಾವ ನನ್ನ ಪಕ್ಕಕ್ಕೆ ಬಂದಾಗ ಒಂದು ಕ್ಷಣ ನಿಂತು, ನನ್ನ ಮುಖ ನೋಡದೆ ಹೇಳಿದರು. "ಅಟ್ಟದಲ್ಲಿ ನನ್ನ ಟ್ರಂಕ್ ಉಂಟು. ಮದ್ರಾಸಿಗೆ ಅದನ್ನೇ ಕೊಂಡುಹೋಗು. ಬೀಗ ತುಕ್ಕು ಹಿಡಿದಿದೆ, ನಾಳೆ ಎಣ್ಣೆ ಬಿಡ್ಬೇಕು."

ಸೂರ್ಯ ಹೊಳೆಯ ಮೇಲೆ ಇನ್ನೂ ಒಂದು ಗೇಣು ಎತ್ತರದಲ್ಲಿದ್ದ. ಮಾವ ಶಶಿಪ್ರಭಾ ಟೀಚರ ಎದುರು ಹೋಗಿ ನಿಂತರು. ಸೋತ ಕೋಳಿಯನ್ನು ಕೊಡುವ ಕ್ರಮ ಇದ್ದ ಹಾಗೆಯೇ, ಬಾಯಿ ಬಿಡದೆ, ಎರಡೂ ಕೈಯಲ್ಲಿ ಹಿಡಿದು, ಆ ಊಟದ ಕಟ್ಟನ್ನು ಅವರ ಕೈಗೆ ಕೊಟ್ಟರು.